ಅವನ ಹೆಸರಿನ ಕೆಳಗೆ ಕಿನಾಸಿ

"ಒಂದೇ ಒಂದು ಸಣ್ಣ ಪ್ರಶ್ನೆ ಮೇಡಂ... ಈ ಹೆಂಗಸರಲ್ಲಿ ಒಬ್ಬರನ್ನಾದ್ರೂ ನೀವು ಕಣ್ಣಾರೆ ನೋಡಿದ್ದೀರಾ?"

ಕೊನೆಯ ಸಾಲಿನಿಂದ ಆ ಧ್ವನಿ ಬಂದದ್ದೇ ತಡ, ಮೈಕು ಹಿಡಿದು ನಿಂತಿದ್ದ ವೆನಿಂಗ್ ಅತ್ತ ತಿರುಗಿದಳು.

ಇಂಡೋನೇಷ್ಯಾದ ಯೋಗ್ಯಕರ್ತಾ ನಗರದ ವಿಶ್ವವಿದ್ಯಾಲಯವೊಂದರಲ್ಲಿ ರಾಜಕೀಯ ಮತ್ತು ಸಾರ್ವಜನಿಕ ನೀತಿ ವಿಭಾಗದ ವಿಚಾರಗೋಷ್ಠಿ ಅದು. ವೆನಿಂಗ್ ಮೂರು ವರ್ಷಗಳಿಂದ ಜಾವಾದ ಅರವತ್ತು ಹಳ್ಳಿಗಳ ಯೋಜನಾ ಸಭೆಗಳ ಕಾಗದಪತ್ರ ಜಾಲಾಡುತ್ತಿದ್ದಳು. ಯಾರು ಬಂದರು, ಯಾರು ಸಹಿ ಹಾಕಿದರು, ಸಭೆ ಏನು ತೀರ್ಮಾನಿಸಿತು... ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ ಒಂದು ಸಂಗತಿ ಕಂಡುಹಿಡಿದಿದ್ದಳು. ಸಭೆಗೆ ಹೆಂಗಸರು ಹೆಚ್ಚು ಬಂದ ಊರಲ್ಲಿ ಮೊದಲು ನೀರಿನ ತೊಟ್ಟಿ ಮಂಜೂರಾಗುತ್ತದೆ. ಹೆಂಗಸರು ಬಾರದ ಊರಲ್ಲಿ ಮೊದಲು ಊರ ಹೆಬ್ಬಾಗಿಲು! ಇದೇ ಅವಳ ಪಿಎಚ್.ಡಿ. ಪ್ರಬಂಧದ ಜೀವ.

"ನೋಡೋ ಅಗತ್ಯ ಇಲ್ಲ," ಎಂದಳು ತಲೆಯೆತ್ತಿ. "ಹಾಜರಿ ಪಟ್ಟಿಯಲ್ಲಿ ಅವರ ಸಹಿ ಇದೆ."

"ಓ... ಸಹಿ ಇದೆಯಾ? ಹಾಗಾದ್ರೆ ಸರಿ ಬಿಡಿ."

ಅವನು ನಗುತ್ತಾ ಕುಳಿತ. ಸಭಾಂಗಣವೂ ಗೊಳ್ಳೆಂದಿತು. ಬಿಸಿಲಿಗೆ ಕಂದಿದ ಮುಖ, ಬಣ್ಣ ಮಾಸಿದ ಬಾಟಿಕ್ ಅಂಗಿ, ತೊಡೆಯ ಮೇಲೆ ಧೂಳು ಹಿಡಿದ ಹೆಲ್ಮೆಟ್.

'ಯಾರಿವನು? ಎಷ್ಟು ಸೊಕ್ಕು!' ವೆನಿಂಗ್‌ಳ ಕಿವಿ ಬಿಸಿಯಾಯಿತು.

ಸಂಜೆಯೊಳಗೆ ಎಲ್ಲ ವಿಚಾರಿಸಿ ಆಯಿತು. ಹೆಸರು ಜತ್ಮಿಕೊ. ವಿಭಾಗದ ಹೊಸ ಅಧ್ಯಾಪಕ. ಗುನುಂಗ್‌ಕಿದುಲ್ ಬೆಟ್ಟಗಳ ನಡುವಿನ ಕಾರಂಗ್‌ಲಾರಸ್ ಎಂಬ ಹಳ್ಳಿಯಲ್ಲಿ ಎರಡು ವರ್ಷ ಇದ್ದು, ಅಲ್ಲಿಯ ರಾಜಕೀಯ ಬರೆದವನು. ಈಗಲೂ ಪ್ರತಿ ಶುಕ್ರವಾರ ಬೈಕು ಹತ್ತಿ ಅಲ್ಲಿಗೇ ಹೋಗುತ್ತಾನೆ. ಮದುವೆಯಾಗಿಲ್ಲ.

ನೋಡಿ, ಮದುವೆಯಾಗಿದೆಯೋ ಇಲ್ಲವೋ ಎಂದು ಕೂಡ ಕೇಳಿಕೊಂಡು ಬಂದಿದ್ದಾಳೆ ಅಂದರೆ ಅದು ಬರೀ ಸಿಟ್ಟಲ್ಲ. ಆದರೆ ಆ ಮಾತನ್ನು ವೆನಿಂಗ್‌ಗೆ ಹೇಳುವ ಧೈರ್ಯ ಯಾರಿಗಿದೆ?

*

ಇಬ್ಬರನ್ನೂ ಒಂದೇ ಮೇಜಿಗೆ ಕಟ್ಟಿಹಾಕಿದವರು ಅವಳ ಮಾರ್ಗದರ್ಶಕಿ, ಪ್ರೊಫೆಸರ್ ಹಾರ್ಯಾತಿ. ವಿಭಾಗದಲ್ಲಿ ಎಲ್ಲರೂ ಹೆದರುವ ನಾಲಿಗೆ ಅವರದು.

"ಏನಮ್ಮಾ, ಅವನು ಕೇಳಿದ್ರಲ್ಲಿ ತಪ್ಪೇನಿದೆ? ನಿನಗೆ ಅಂಕಿ ಗೊತ್ತು, ಅವನಿಗೆ ಊರು ಗೊತ್ತು. ಜೊತೆಗೆ ಕೂತು ಕೆಲಸ ಮಾಡಿ. ಕಚ್ಚಾಡೋದಿದ್ರೆ ಬಾಗಿಲು ಹಾಕ್ಕೊಂಡು ಕಚ್ಚಾಡಿ."

ಮೊದಲ ತಿಂಗಳು ಕಚ್ಚಾಡಿದರು. ಎರಡನೇ ತಿಂಗಳು ಬೆಳಗಿನ ತಿಂಡಿಗೆ ಒಟ್ಟಿಗೆ ಹೋಗತೊಡಗಿದರು. ವೆನಿಂಗ್ ತಟ್ಟೆಯಲ್ಲಿ ಮೊಟ್ಟೆಯ ಹಳದಿ ಬದಿಗಿಟ್ಟರೆ, ಅವನು ಕೇಳದೆಯೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಮೂರನೇ ತಿಂಗಳಲ್ಲಿ ಅವಳ ಬಾಯಿಂದ 'ಪಾಕ್ ಜತ್ಮಿಕೊ' ಹೋಗಿ 'ಮಾಸ್' ಬಂತು. ಪಾಕ್ ಅನ್ನುವುದು ಸಾಹೇಬರಿಗೆ. ಮಾಸ್ ಅನ್ನುವುದನ್ನು ಜಾವಾದ ಹುಡುಗಿಯರು ಬಸ್ಸಿನ ಕಂಡಕ್ಟರಿಗೂ ಹೇಳುತ್ತಾರೆ, ಕಟ್ಟಿಕೊಂಡ ಗಂಡನಿಗೂ ಹೇಳುತ್ತಾರೆ. ವೆನಿಂಗ್ ಹೇಳುತ್ತಿದ್ದದ್ದು ಕಂಡಕ್ಟರಿಗೆ ಹೇಳುವ ಹಾಗಂತೂ ಇರಲಿಲ್ಲ!

ಆದರೆ ಎಂಟು ತಿಂಗಳಾದರೂ ಆ ಪುಣ್ಯಾತ್ಮ ಬಾಯಿ ಬಿಡಲಿಲ್ಲ. ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು.

"ಒಂದ್ಸಲ ಕಾರಂಗ್‌ಲಾರಸ್‌ಗೆ ಬಾ ವೆನಿಂಗ್. ಬಂದು ನಿನ್ನ ಕಣ್ಣಲ್ಲೇ ನೋಡು."

"ಡಿಸೆಂಬರ್ ಹನ್ನೆರಡಕ್ಕೆ ನನ್ನ ಪ್ರಬಂಧದ ಪರೀಕ್ಷೆ. ಈಗ ಬೆಟ್ಟ ಸುತ್ತೋಕೆ ನಂಗೆ ಪುರುಸೊತ್ತೆಲ್ಲಿದೆ ಮಾಸ್?"

ಪುರುಸೊತ್ತಿರಲಿಲ್ಲ, ನಿಜ. ಡಿಸೆಂಬರಿಗೆ ಅವಳ ವಿದ್ಯಾರ್ಥಿವೇತನ ಮುಗಿಯುತ್ತಿತ್ತು. ಸೋಲೊ ಪಟ್ಟಣದಲ್ಲಿದ್ದ ಅಮ್ಮ ಆಗಲೇ ಸಮಾರಂಭಕ್ಕೆ ತೊಡುವ ಹೊಸ ಕೆಬಾಯ ರವಿಕೆ ಹೊಲಿಸಿ, ಪರೀಕ್ಷೆಯ ದಿನ ಹಂಚಲು ನೂರು ತಿಂಡಿ ಡಬ್ಬಿಗೆ ಹೇಳಿಯೂ ಆಗಿತ್ತು.

ಪ್ರತಿ ಸೋಮವಾರ ಅವನು ಬಾಳೆ ಎಲೆಯ ಪೊಟ್ಟಣವೊಂದನ್ನು ಅವಳ ಮೇಜಿನ ಮೇಲಿಡುತ್ತಿದ್ದ. ಮರಗೆಣಸಿನ ಹಿಟ್ಟು ಹಬೆಯಲ್ಲಿ ಬೇಯಿಸಿ, ಬೆಲ್ಲ ಬೆರೆಸಿ, ಮೇಲೆ ಕಾಯಿತುರಿ ಉದುರಿಸಿದ ತಿವುಲ್.

"ಯಾರು ಮಾಡಿದ್ದು ಮಾಸ್?"

"ಅಲ್ಲಿ ಒಬ್ರು ಇದ್ದಾರೆ. ನಿಂಗೆ ಕೊಡ್ಲೇಬೇಕು ಅಂತ ಬೆಳಗ್ಗೇನೇ ಎದ್ದು ಮಾಡ್ತಾರೆ."

ಹಾಗೆ ಹೇಳುವಾಗ ಅವನ ಮುಖದಲ್ಲೊಂದು ಮೆತ್ತನೆಯ ನಗು ಸುಳಿಯುತ್ತಿತ್ತು. ಆ ನಗು ವೆನಿಂಗ್‌ಗೆ ಹಿಡಿಸುತ್ತಿರಲಿಲ್ಲ. ಯಾರು ಆ 'ಒಬ್ರು'? ಅವರಿಗೇಕೆ ಬೆಳಗ್ಗೆ ಬೆಳಗ್ಗೆ ಇಷ್ಟು ಉಮೇದು?

ತಿವುಲ್ ಮಾತ್ರ ಒಂದು ಚೂರೂ ಬಿಡದೆ ತಿನ್ನುತ್ತಿದ್ದಳು. ಹೊಟ್ಟೆಕಿಚ್ಚು ಬೇರೆ, ಹಸಿವು ಬೇರೆ.

*

ಅಕ್ಟೋಬರಿನ ಒಂದು ಬೆಳಿಗ್ಗೆ ಕಾರಂಗ್‌ಲಾರಸ್‌ನ ಹಾಜರಿ ಪಟ್ಟಿಗಳು ಬಂದವು. ಹಳ್ಳಿಯ ಕಚೇರಿಯವರು ಒಂದು ವರ್ಷ ಸತಾಯಿಸಿ ಕೊನೆಗೂ ಕಳಿಸಿದ್ದರು. ಅರವತ್ತನೆಯ ಹಳ್ಳಿ. ಇದೊಂದು ತುಂಬಿದರೆ ಕೆಲಸ ಮುಗಿಯಿತು.

ಹದಿನಾಲ್ಕು ಸಭೆ, ಹದಿನಾಲ್ಕು ಪಟ್ಟಿ. ವೆನಿಂಗ್ ಅವಲಕ್ಕಿ ಮೆಲ್ಲುತ್ತಾ ಒಂದೊಂದೇ ಹೆಸರು ತುಂಬತೊಡಗಿದಳು.

ಮೊದಲ ಪಟ್ಟಿ. ಇಪ್ಪತ್ತೆರಡನೇ ಸಾಲು, ಜತ್ಮಿಕೊ. ಅವನ ಸಹಿ ಕಂಡು ತುಟಿಯಂಚಲ್ಲಿ ನಗು ಬಂತು. ಇಪ್ಪತ್ಮೂರನೇ ಸಾಲು, ಕಿನಾಸಿ.

ಎರಡನೇ ಪಟ್ಟಿ. ಹತ್ತೊಂಬತ್ತು, ಜತ್ಮಿಕೊ. ಇಪ್ಪತ್ತು, ಕಿನಾಸಿ.

ಮೂರನೇ ಪಟ್ಟಿ. ಜತ್ಮಿಕೊ. ಕೆಳಗೆ... ಕಿನಾಸಿ.

ನಗು ಎಲ್ಲಿ ಹೋಯಿತೋ! ಅವಲಕ್ಕಿಯನ್ನು ಬದಿಗೆ ಸರಿಸಿದಳು.

ಸರಸರನೆ ಎಲ್ಲ ಪಟ್ಟಿ ಮಗುಚಿದಳು. ಜತ್ಮಿಕೊ ಹನ್ನೊಂದು ಸಭೆಗೆ ಹೋಗಿದ್ದ. ಹನ್ನೊಂದರಲ್ಲೂ ಅವನ ಹೆಸರಿನ ಕೆಳಗೇ ಕಿನಾಸಿ, ನೀಲಿ ಶಾಯಿಯ ಬಳುಕುವ ಅಕ್ಷರಗಳಲ್ಲಿ. ಅವನು ಹೋಗದ ಮೂರು ಸಭೆಗಳಿದ್ದವಲ್ಲ? ಅವುಗಳಲ್ಲಿ ಕಿನಾಸಿಯೂ ಇಲ್ಲ!

ಕಿನಾಸಿ ಅಂದರೆ ಒಲವಿಗೆ ಪಾತ್ರಳಾದವಳು. ಹೆಸರಿಡುವಾಗಲೇ ಅವಳ ಅಪ್ಪ ಅಮ್ಮನಿಗೆ ಎಲ್ಲ ಗೊತ್ತಿತ್ತೇನೋ!

'ಅವನು ಬಂದರೆ ಬರುತ್ತಾಳೆ. ಅವನು ಬಾರದಿದ್ದರೆ ಬರುವುದಿಲ್ಲ. ಚಾಪೆಯ ಮೇಲೆ ಅವನ ಪಕ್ಕದಲ್ಲೇ ಕೂರುತ್ತಾಳೆ. ಪಟ್ಟಿ ಅವನ ಕೈಯಿಂದ ಅವಳ ಕೈಗೇ ಹೋಗುತ್ತದೆ...'

ವೆನಿಂಗ್ ಏನು ಮಾಡಿದಳು ಗೊತ್ತೇ? ಕೋಷ್ಟಕ ಮಾಡಿದಳು! ಒಂದು ಕಡೆ ಜತ್ಮಿಕೊ, ಇನ್ನೊಂದು ಕಡೆ ಕಿನಾಸಿ. ಬಂದ ದಿನ, ಬಾರದ ದಿನ. ನೂರಕ್ಕೆ ನೂರು ತಾಳೆ. ಮೂರು ವರ್ಷದ ಸಂಶೋಧನೆಯಲ್ಲಿ ಇಷ್ಟು ಚೆನ್ನಾಗಿ ಯಾವ ಅಂಕಿಯೂ ಕೂಡಿಬಂದಿರಲಿಲ್ಲ.

ಆ ಹನ್ನೊಂದು ಪಟ್ಟಿಗಳಲ್ಲೂ ಕಿನಾಸಿಯ ಕೆಳಗೆ ಇನ್ನೂ ಎಂಟು ಹೆಂಗಸರ ಹೆಸರಿದ್ದವು. ಅವುಗಳನ್ನು ಅವಳು ಗಮನಿಸಲೇ ಇಲ್ಲ.

*

"ಪಾಕ್ ಜತ್ಮಿಕೊ..."

ಮೊಟ್ಟೆಯ ಹಳದಿಗೆ ಕೈಚಾಚಿದವನು ಅಲ್ಲೇ ನಿಂತ. "ಪಾಕ್? ಇದೇನು ಹೊಸದು?"

"ಕಾರಂಗ್‌ಲಾರಸ್‌ನಲ್ಲಿ ಕಿನಾಸಿ ಅಂತ ಯಾರಾದ್ರೂ ಇದ್ದಾರಾ?"

ಅವನ ಕಣ್ಣನ್ನೇ ನೋಡುತ್ತಾ ಕೇಳಿದಳು. ರೆಪ್ಪೆ ಅಲುಗಿದರೆ ಸಾಕು, ಹಿಡಿದುಬಿಡುತ್ತಿದ್ದಳು.

ಅವನು ಕ್ಷಣ ಯೋಚಿಸಿದ. "ಕಿನಾಸಿ? ಇಲ್ಲಪ್ಪ. ಆ ಹೆಸರಿನವರು ಯಾರೂ ನಂಗೆ ಗೊತ್ತಿಲ್ಲ."

"ಖಂಡಿತಾ?"

"ಎರಡು ವರ್ಷ ಇದ್ದೀನಿ ಮಾರಾಯ್ತಿ ಅಲ್ಲಿ, ಮನೆ ಮನೆ ಗೊತ್ತು. ಯಾಕೆ, ಯಾರು ಅವ್ಳು?"

'ಅಬ್ಬಾ! ಎಷ್ಟು ಸಲೀಸಾಗಿ ಸುಳ್ಳು ಹೇಳ್ತಾನೆ!' ಒಪ್ಪಿಕೊಂಡಿದ್ದರೂ ಸಹಿಸಬಹುದಿತ್ತು. ಹನ್ನೊಂದು ಸಲ ಪಕ್ಕದಲ್ಲಿ ಕೂತವಳನ್ನು ಗೊತ್ತೇ ಇಲ್ಲ ಅಂದುಬಿಟ್ಟನಲ್ಲ!

"ಏನಿಲ್ಲ. ಸುಮ್ನೆ ಕೇಳ್ದೆ." ತಟ್ಟೆಯ ಹಳದಿಯನ್ನು ತಾನೇ ಎತ್ತಿ ನುಂಗಿದಳು. ಅದು ಅವಳಿಗೆ ಆಗುವುದಿಲ್ಲ. ಕಣ್ಣಲ್ಲಿ ನೀರು ಬಂತು.

"ವೆನಿಂಗ್! ಏನಾಯ್ತು?"

"ಮೊಟ್ಟೆ ಖಾರ ಇದೆ."

ಮೂರು ವಾರ ಹೀಗೇ ನಡೆಯಿತು. ಅವನು ಮೇಜಿಗೆ ಬಂದರೆ ಅವಳು ಗ್ರಂಥಾಲಯಕ್ಕೆ ಎದ್ದಳು. ಸೋಮವಾರದ ಪೊಟ್ಟಣ ಬಿಚ್ಚದೆ ವಾಪಸ್ ಇಟ್ಟಳು. ಅವನು ಫೋನು ನೋಡಿ ನಕ್ಕರೆ ಕಿನಾಸಿ, ಹೊಸ ಅಂಗಿ ಹಾಕಿದರೆ ಕಿನಾಸಿ, ಶುಕ್ರವಾರ ಬೈಕಿಗೆ ಪೆಟ್ರೋಲು ತುಂಬಿಸಿದರೂ ಕಿನಾಸಿ! ಇಪ್ಪತ್ತೈದರ ಹುಡುಗಿ ಇರಬೇಕು, ನೀಳ ಕತ್ತು, ನಕ್ಕರೆ ಕೆನ್ನೆಯಲ್ಲಿ ಗುಳಿ... ಕಾಣದ ಆ ಹುಡುಗಿಗೆ ಅವಳೇ ದಿನಕ್ಕೊಂದು ಚೆಲುವು ಕೊಟ್ಟು, ಅವಳೇ ಕುದಿಯುತ್ತಿದ್ದಳು.

"ನಾನೇನು ತಪ್ಪು ಮಾಡ್ದೆ ಅಂತಾದ್ರೂ ಹೇಳು," ಎಂದು ಅವನು ಮೆಟ್ಟಿಲ ಬಳಿ ಅಡ್ಡ ನಿಂತ.

"ಪಾಕ್, ದಾರಿ ಬಿಡಿ. ನಂಗೆ ಕೆಲಸ ಇದೆ."

"ಪಾಕ್ ಅನ್ಬೇಡ ವೆನಿಂಗ್. ಬೈದ ಹಾಗಾಗುತ್ತೆ."

ಅವಳು ಬದಿಯಿಂದ ಇಳಿದು ಹೋದಳು. ತಿರುಗಿ ನೋಡಬಾರದು ಎಂದುಕೊಂಡೇ ತಿರುಗಿ ನೋಡಿದಳು. ಅವನು ಅಲ್ಲೇ ನಿಂತಿದ್ದ.

*

ಕೊನೆಗೆ ತಡೆಯಲಾಗಲಿಲ್ಲ. ಮಂಗಳವಾರ ಅವನಿಗೆ ದಿನವಿಡೀ ತರಗತಿ. ವೆನಿಂಗ್ ಒಳ್ಳೆಯ ಬಾಟಿಕ್ ಉಟ್ಟು, ತುಟಿಗೆ ಬಣ್ಣ ಹಚ್ಚಿ, ಹೆಲ್ಮೆಟ್ ಏರಿಸಿ ಕಾರಂಗ್‌ಲಾರಸ್‌ಗೆ ಹೊರಟಳು. ಕೈಯಲ್ಲಿ ಸಂದರ್ಶನದ ಪ್ರಶ್ನಾವಳಿ. ಸಂಶೋಧನೆಗೆ ಅಂತ ತನಗೆ ತಾನೇ ಹೇಳಿಕೊಂಡಳು. ತುಟಿಯ ಬಣ್ಣ ಯಾವ ಸಂಶೋಧನೆಗೆ ಎಂದು ನಾವು ಕೇಳಬಾರದು.

ಸುಣ್ಣಕಲ್ಲಿನ ಬೆಟ್ಟ, ಒಣಗಿದ ತೇಗದ ಎಲೆ. ದಾರಿಯುದ್ದಕ್ಕೂ ಹೆಂಗಸರು ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನು ಕಟ್ಟಿ ನೀರು ಹೊರುತ್ತಿದ್ದರು. 'ಈ ಊರಿಗೆ ನೀರಿನ ತೊಟ್ಟಿ ಮಂಜೂರಾಗಿ ಕಟ್ಟಿಯೂ ಆಗಿದೆಯಲ್ಲ? ನಾನೇ ಕಂಪ್ಯೂಟರಿಗೆ ತುಂಬಿದ್ದೀನಿ...' ಎಂದುಕೊಂಡಳು. ಆದರೆ ತಲೆ ತುಂಬ ಬೇರೆಯೇ ಇತ್ತು.

ಹಳ್ಳಿ ಕಚೇರಿಯ ಕಾರ್ಯದರ್ಶಿ ಆ ಹೆಸರು ಕೇಳಿದ್ದೇ ಪೆನ್ನು ಕೆಳಗಿಟ್ಟ.

"ಕಿನಾಸಿನಾ? ಅವ್ರು... ಇವತ್ತು ಊರಲ್ಲಿಲ್ಲ ಮೇಡಂ."

ಚಹದ ಅಂಗಡಿಯಲ್ಲಿ ಕೇಳಿದಳು. "ಆ ಹೆಸರಿನವ್ರು ಇಲ್ಲಿ ಯಾರೂ ಇಲ್ವಲ್ಲ ತಾಯಿ." ನೀರು ಹೊರುವವರನ್ನು ಕೇಳಿದಳು. ಅವರು ಮುಖ ಮುಖ ನೋಡಿಕೊಂಡರು.

'ಇಡೀ ಊರೇ ಸೇರಿ ಅವಳನ್ನು ಬಚ್ಚಿಡುತ್ತಿದೆಯಾ?'

ಕಚೇರಿಯ ಪಕ್ಕದ ಮನೆಯಂಗಳದಲ್ಲಿ ಅಜ್ಜಿಯೊಬ್ಬಳು ಮರಗೆಣಸಿನ ಹೋಳು ಒಣಹಾಕುತ್ತಿದ್ದಳು. ಎಪ್ಪತ್ತು ದಾಟಿದ ಜೀವ, ಬಾಯಲ್ಲಿ ನಾಲ್ಕೇ ಹಲ್ಲು. ಬದಿಯಲ್ಲಿ ಒಂದು ಆಡು ಕಟ್ಟಿತ್ತು. ವೆನಿಂಗ್ ಸೋತು ಬೇಲಿಗೆ ಒರಗಿದಳು.

"ಅಜ್ಜೀ... ಇಲ್ಲಿ ಕಿನಾಸಿ ಅಂತ ಯಾರಾದ್ರೂ ಹುಡುಗಿ ಇದ್ದಾಳಾ?"

ಅಜ್ಜಿಯ ಕೈ ನಿಂತಿತು.

"ಯಾರವ್ವ ನಿಂಗೆ ಆ ಹೆಸ್ರು ಹೇಳಿದ್ದು?"

"ಯಾಕಜ್ಜಿ? ಗೊತ್ತಾ ಅವಳು?"

"ನಮ್ಮವ್ವ ನನ್ನ ಹಂಗೆ ಕರೀತಿದ್ಲು." ಅಜ್ಜಿ ಎದ್ದು ಹತ್ತಿರ ಬಂದಳು. "ಅವ್ಳು ಹೋದ್ಮೇಲೆ ಯಾರೂ ಕರ್ದಿಲ್ಲ ಕಣವ್ವ. ಹದಿನಾರಕ್ಕೆ ಮದ್ವೆ ಆಯ್ತು, ತರ್ನೊ ಹುಟ್ದ. ಅವತ್ತಿಂದ ಊರಿಗೆಲ್ಲ ನಾನು ತರ್ನೊನ ಅವ್ವ. ಈಗ ಅಜ್ಜಿ. ನನ್ನ ಹೆಸ್ರು ನಂಗೇ ಮರ್ತೋಗಿತ್ತು ನೋಡು..."

ವೆನಿಂಗ್ ಅಜ್ಜಿಯ ಸುಕ್ಕುಗಟ್ಟಿದ ಮುಖವನ್ನೇ ನೋಡಿದಳು.

ಕಿನಾಸಿ. ನೀಳ ಕತ್ತು. ಗುಳಿ ಬೀಳುವ ಕೆನ್ನೆ. ಅಯ್ಯೋ ದೇವರೇ!

"ನೀವು... ಊರ ಸಭೆಗೆ ಹೋಗ್ತೀರಾ ಅಜ್ಜಿ?"

"ಹೋಗ್ತೀನಿ. ಹಿಂದ್ಗಡೆ ಬಾಗಿಲಿಗೆ. ಚಾ ಕಾಯ್ಸಿ, ಬಾಳೆಹಣ್ಣು ಕರ್ದು ಕೊಟ್ಟು ಬರ್ತೀನಿ. ಒಳಗೆ ಕೂರೋರು ಗಂಡಸ್ರು."

"ಮತ್ತೆ ಸಹಿ?"

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. ಒರಟು ಹೆಬ್ಬೆರಳನ್ನು ವೆನಿಂಗ್‌ಳ ಮೂಗಿನ ಮುಂದೆ ಹಿಡಿದಳು. "ಅಕ್ಷರ ಯಾರು ಕಲ್ಸಿದ್ರು ನಂಗೆ? ನಂದೇನಿದ್ರೂ ಇದು!"

ನೀಲಿ ಶಾಯಿಯ ಬಳುಕುವ ಅಕ್ಷರಗಳು ವೆನಿಂಗ್‌ಳ ಕಣ್ಣ ಮುಂದೆ ಬಂದವು. ಚೀಲದಿಂದ ಪಟ್ಟಿಯ ನಕಲು ತೆಗೆದು ಉಳಿದ ಹೆಸರು ಓದಿದಳು.

"ಸುಮಿರಾ?"

"ಅವ್ಳು ಸತ್ತು ಎರಡು ರಂಜಾನ್ ಆಯ್ತು."

"ಪೈನೆಮ್?"

"ಮಲೇಷ್ಯಾದಲ್ಲಿ ಮನೆಗೆಲ್ಸಕ್ಕವ್ಳೆ, ನಾಕು ವರ್ಷ ಆಯ್ತು."

ಎಂಟೂ ಹೆಸರು ಒಂದೇ ಶಾಯಿ, ಒಂದೇ ಓರೆ. ಮೂರು ವಾರದಿಂದ ಈ ಕಾಗದ ಎದುರಿಗಿದ್ದರೂ ಅವಳಿಗೆ ಕಂಡಿರಲಿಲ್ಲ! ಹೆಂಗಸರು ಇರಲೇಬೇಕೆಂದು ಸರ್ಕಾರದ ನಿಯಮ. ವಿಶ್ವವಿದ್ಯಾಲಯದವನು ಕೂತ ದಿನದ ಪಟ್ಟಿಯನ್ನು ಯಾರಾದರೂ ಕೇಳಿಯಾರೆಂದು, ಸಭೆ ಮುಗಿದ ಮೇಲೆ ಕಚೇರಿಯವರು ಅದರಲ್ಲಿ ಹೆಂಗಸರ ಹೆಸರು ತುಂಬಿಸಿದ್ದರು. ಅವನಿಲ್ಲದ ದಿನ ಯಾರು ಕೇಳುತ್ತಾರೆ? ಅವಳ ಕೋಷ್ಟಕ ಸರಿಯಾಗಿಯೇ ಇತ್ತು. ಅರ್ಥ ಮಾಡಿಕೊಂಡದ್ದು ಮಾತ್ರ ಪೂರ್ತಿ ತಪ್ಪು.

"ನೀರಿನ ತೊಟ್ಟಿ ಕಟ್ಟಿಲ್ವಾ ಅಜ್ಜಿ?"

"ಕಟ್ಟವ್ರೆ, ಮೇಲ್ಗಡೆ ಊರ ಮುಖಂಡನ ಮನೆ ತಾವ. ನಮ್ಗೆ ಈಗ್ಲೂ ಕೆಳಗಿನ ಬುಗ್ಗೇನೇ. ಅಡುಗೆಮನೇಲಿ ಕೂತು ಎಲ್ಲ ಕೇಳಿಸ್ಕೊಂತೀನಿ. ಒಂದಿನ ಒಳಗೆ ನುಗ್ಗಿ ಹೇಳ್ಬಿಡಾಣ ಅನ್ಸುತ್ತೆ... ಆದ್ರೆ ಯಾರು ಕರೀತಾರೆ?"

ವೆನಿಂಗ್ ಅಂಗಳದ ಮಣ್ಣಿನಲ್ಲೇ ಕುಳಿತುಬಿಟ್ಟಳು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಆದರೆ ಅವಳ ಪ್ರಬಂಧ ಸುಳ್ಳಾಗಿತ್ತು.

"ಅಯ್ಯ, ಯಾಕವ್ವ ಅಳ್ತೀಯ? ತಡಿ ತಡಿ... ನೀನು ಜತ್ಮಿಕೊನ ಹುಡ್ಗಿ ಅಲ್ವಾ?"

ಅವಳು ತಟ್ಟನೆ ತಲೆಯೆತ್ತಿದಳು. "ಅವರು... ಇಲ್ಲೇ ಇರ್ತಾರಾ?"

"ಇಲ್ಲೇ, ನನ್ನ ಚಾವಡೀಲೇ ಅವ್ನ ಚಾಪೆ. ನನ್ನ ಕೈಲಿ ತಿವುಲ್ ಮಾಡಿಸ್ಕೊಂಡು ನಿಂಗೇ ತರೋದು. ಮೂರು ವಾರದಿಂದ ವಾಪಸ್ ತಂದು ಆಡಿಗೆ ಹಾಕ್ತಾವ್ನೆ. ಆಡು ಊದ್ಕೊಂಡೈತೆ ನೋಡು! ಅದರ ಮುಂದೆ ನಿಂತು ಮಾತು ಬೇರೆ ಕಲೀತಾನೆ. 'ವೆನಿಂಗ್, ನಾನೊಂದು ವಿಷ್ಯ ಹೇಳ್ಬೇಕು' ಅಂತಾನೆ, ಅಲ್ಲಿಗೇ ನಿಂತೋಗ್ತಾನೆ. ಆಡಿಗೂ ಬೇಜಾರಾಗೈತೆ."

ವೆನಿಂಗ್ ಮುಖ ಮುಚ್ಚಿಕೊಂಡಳು. ಮೂರು ವಾರದ ಹೊಟ್ಟೆಯುರಿ ಒಮ್ಮೆಗೇ ನಾಚಿಕೆಯಾಗಿ ಮುಖಕ್ಕೇರಿತು.

*

ಒಂದು ವಾರ ಅವಳು ಬೇರೆ ಹಳ್ಳಿಗಳಿಗೆ ಹೋದಳು. ಈಗ ಸಹಿ ಎಣಿಸಲಿಲ್ಲ, ಹೆಂಗಸರನ್ನು ಹುಡುಕಿದಳು. ಆರು ಊರಲ್ಲಿ ಐದರದ್ದೂ ಇದೇ ಕಥೆ.

ಮರುದಿನ ಹಾರ್ಯಾತಿಯವರ ಮುಂದೆ ಎಲ್ಲ ಹೇಳಿದಳು.

"ನೀನು ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ," ಎಂದರು ಅವರು ಕನ್ನಡಕ ತೆಗೆದು. "ಹನ್ನೆರಡಕ್ಕೆ ಡಾಕ್ಟರ್ ಆಗ್ತೀಯ. ಹೇಳಿದ್ರೆ ಇನ್ನೊಂದು ವರ್ಷ. ವಿದ್ಯಾರ್ಥಿವೇತನ ಇರಲ್ಲ. ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೀಬೇಕು. ಏನು ಮಾಡ್ತೀಯ?"

ಅಮ್ಮನ ಕೆಬಾಯ, ನೂರು ತಿಂಡಿ ಡಬ್ಬಿ ನೆನಪಾದವು. ಜೊತೆಗೆ ಆ ಒರಟು ಹೆಬ್ಬೆರಳು.

"ಪರೀಕ್ಷೆ ವಾಪಸ್ ತಗೋತೀನಿ ಮೇಡಂ."

ಹಾರ್ಯಾತಿ ಕನ್ನಡಕ ಮತ್ತೆ ಏರಿಸಿದರು. "ಇದನ್ನ ಕಂಡುಹಿಡಿದದ್ದು ಹೇಗೆ? ಯಾವ ವಿಧಾನ?"

ವೆನಿಂಗ್ ನೆಲ ನೋಡಿದಳು. "ಹೊಟ್ಟೆಕಿಚ್ಚು ಮೇಡಂ."

ಆ ಕೋಣೆಯಿಂದ ಅಷ್ಟು ದೊಡ್ಡ ನಗು ವಿಭಾಗದವರು ಅದೇ ಮೊದಲು ಕೇಳಿದ್ದು.

ಸುದ್ದಿ ತಿಳಿದ ಜತ್ಮಿಕೊ ಓಡುತ್ತಾ ಅವಳ ಮೇಜಿಗೆ ಬಂದ. "ಏನಿದು? ಪರೀಕ್ಷೆ ಯಾಕೆ ನಿಲ್ಲಿಸ್ದೆ? ನಾನು ಅವತ್ತು ಕೇಳಿದ ಪ್ರಶ್ನೆಯಿಂದಾನಾ?"

ಅವಳು ಆ ಕೋಷ್ಟಕವನ್ನು ಅವನ ಮುಂದಿಟ್ಟಳು. ಜತ್ಮಿಕೊ, ಕಿನಾಸಿ. ಹನ್ನೊಂದಕ್ಕೆ ಹನ್ನೊಂದು.

"ನಿಮ್ಮ ಪ್ರೇಯಸಿ ಅಂದ್ಕೊಂಡಿದ್ದೆ," ಎಂದಳು ಸಣ್ಣ ಧ್ವನಿಯಲ್ಲಿ. "ಹೋಗಿ ನೋಡ್ಕೊಂಡು ಬಂದೆ. ಎಪ್ಪತ್ತು ದಾಟಿದೆ. ನಾಲ್ಕು ಹಲ್ಲು. ತಿವುಲ್ ಚೆನ್ನಾಗಿ ಮಾಡ್ತಾರೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ, ಮೇಜು ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಆಮೇಲೆ ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟ.

"ಅಜ್ಜಿ ಹೆಸರು ಕಿನಾಸಿನಾ?"

"ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಇಲ್ಲ." ಅವನ ಮುಖ ಬಾಡಿತು. "ನಾನು ಯಾವಾಗ್ಲೂ ಕೊನೆಗೆ ಸಹಿ ಹಾಕೋನು, ಹೊರಗಿನವನಲ್ವಾ. ಆಮೇಲೆ ಪಟ್ಟಿ ಕಾರ್ಯದರ್ಶಿ ಕೈಗೆ. ಅದ್ರಲ್ಲಿ ಏನೋ ತುಂಬ್ತಾರೆ ಅಂತ ಅನುಮಾನ ಇತ್ತು, ಕೈಯಲ್ಲಿ ಹಿಡಿದು ತೋರ್ಸೋಕೆ ಏನೂ ಇರ್ಲಿಲ್ಲ. ನಿನ್ನ ಪ್ರಬಂಧ ಮುರಿಯೋನು ನಾನಾಗ್ಬಾರ್ದು ಅಂತ ಹೆದರ್ಕೊಂಡೆ. ಅದಕ್ಕೇ ನೀನೇ ಬಂದು ನೋಡು ಅಂತಿದ್ದೆ... ಅದೆಲ್ಲ ಇರ್ಲಿ. ಎರಡು ವರ್ಷ ಆಕೆ ಕೈಯಲ್ಲಿ ಉಂಡಿದ್ದೀನಿ ವೆನಿಂಗ್. ನಿನ್ನ ಹೆಸರೇನಜ್ಜಿ ಅಂತ ಒಂದ್ಸಲಾನೂ ಕೇಳಿಲ್ಲ. ಊರಿನವರ ಬಗ್ಗೆ ಪುಸ್ತಕ ಬರ್ದೋನು ನಾನು!"

ಹೆಲ್ಮೆಟ್ ಎತ್ತಿಕೊಂಡು ಬಾಗಿಲಿಗೆ ಓಡಿದ.

"ಎಲ್ಲಿಗೆ?"

"ಅಜ್ಜಿ ಹತ್ರ!"

ವೆನಿಂಗ್ ಬಾಯಿ ತೆರೆದು ನೋಡುತ್ತಾ ನಿಂತಳು. ಮೂರು ವಾರ ಅತ್ತವಳು ಇವಳು, ಡಾಕ್ಟರ್ ಪದವಿ ಮುಂದೂಡಿದವಳು ಇವಳು... ಅವನು ಇವಳ ಕೈ ಹಿಡಿಯುವುದು ಬಿಟ್ಟು ಆ ಕಿನಾಸಿ ಹತ್ತಿರ ಓಡಿದನಲ್ಲ! ಎದೆಯಲ್ಲಿ ಮತ್ತೆ ಅದೇ ಹಳೆಯ ಚುರುಕು. ಈ ಸಲ ಅವಳಿಗೇ ನಗು ಬಂತು.

*

ಡಿಸೆಂಬರ್ ಹನ್ನೆರಡು. ಕಾರಂಗ್‌ಲಾರಸ್‌ನಲ್ಲಿ ಆ ವರ್ಷದ ಕೊನೆಯ ಯೋಜನಾ ಸಭೆ. ಬೆಳಗಿನ ಬಿಸಿಲು ಕಚೇರಿಯ ಜಗಲಿಯ ಮೇಲೆ ಬಿದ್ದಿತ್ತು.

ವೆನಿಂಗ್ ಅಮ್ಮ ಹೊಲಿಸಿದ ಕೆಬಾಯ ತೊಟ್ಟಿದ್ದಳು. ಅಮ್ಮ ಎರಡು ದಿನ ಅತ್ತು, ಮೂರನೇ ದಿನ "ಡಬ್ಬಿಗಳನ್ನ ಏನು ಮಾಡ್ಲಿ, ಅದೇ ಊರಿಗೆ ಕಳಿಸ್ಲಾ?" ಎಂದು ಕೇಳಿದ್ದಳು. ನೂರು ಡಬ್ಬಿಯೂ ಜಗಲಿಯ ಮೂಲೆಯಲ್ಲಿದ್ದವು. ಆದ್ದರಿಂದ ಅಂದು ಅಡುಗೆಮನೆಯಲ್ಲಿ ಯಾರೂ ಇರುವ ಅಗತ್ಯವಿರಲಿಲ್ಲ.

ಮುಂದಿನ ಚಾಪೆಯಲ್ಲಿ ಹತ್ತೊಂಬತ್ತು ಹೆಂಗಸರು ಕುಳಿತಿದ್ದರು. ಹತ್ತು ದಿನದಿಂದ ಜತ್ಮಿಕೊ ಮನೆ ಮನೆಗೆ ಹೋಗಿ ಹೆಸರು ಕೇಳಿ, ಆ ಹೆಸರು ಹಿಡಿದೇ ಕರೆದಿದ್ದ. ಮುಖಂಡ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕಾರ್ಯದರ್ಶಿ ಯಾರ ಮುಖವನ್ನೂ ನೋಡದೆ ಹಾಜರಿ ಪಟ್ಟಿ ಹಿಡಿದು ನಿಂತಿದ್ದ.

"ಮೊದ್ಲು ಇಲ್ಲಿ ಕೊಡಪ್ಪ," ಎಂದಳು ಅಜ್ಜಿ.

ಶಾಯಿಯಲ್ಲಿ ಹೆಬ್ಬೆರಳು ಅದ್ದಿ ಮೊದಲ ಸಾಲಿನಲ್ಲಿ ಒತ್ತಿದಳು. ಜತ್ಮಿಕೊ ಪಕ್ಕದಲ್ಲಿ ಹೆಸರು ಬರೆದು, ಜೋರಾಗಿ ಓದಿದ. "ಕಿನಾಸಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ನಿಂತು ನೀರಿನ ತೊಟ್ಟಿಯ ಬಗ್ಗೆ ಶುರು ಮಾಡಿದಳು ನೋಡಿ, ಮುಖಂಡನಿಗೆ ಅರ್ಧ ಗಂಟೆ ಬಾಯಿ ತೆರೆಯಲು ಬಿಡಲಿಲ್ಲ! ಎರಡನೇ ತೊಟ್ಟಿ ಕೆ‍ಳಕೇರಿಗೆ ಬರಬೇಕೆಂದು ಅಂದೇ ಬರೆಯಿಸಿದ್ದಾಯಿತು.

ಅಷ್ಟರಲ್ಲಿ ಪಟ್ಟಿ ಸುತ್ತಿ ಸುತ್ತಿ ಹಿಂದಿನ ಚಾಪೆಗೆ ಬಂತು. ಅಲ್ಲಿ ಕೂತಿದ್ದವರು ಇಬ್ಬರೇ. ವೆನಿಂಗ್ ಸಹಿ ಹಾಕಿ ಪಟ್ಟಿಯನ್ನು ಅವನ ಕಡೆ ಸರಿಸಿದಳು. ಅವನು ಪೆನ್ನು ಹಿಡಿದು ಸುಮ್ಮನೆ ಕೂತ.

"ಸಹಿ ಹಾಕಿ."

"ವೆನಿಂಗ್... ನಾನೊಂದು ವಿಷ್ಯ ಹೇಳ್ಬೇಕು."

ಅಲ್ಲಿಗೇ ನಿಂತುಹೋದ. ಅಂಗಳದಲ್ಲಿ ಆಡು ಬ್ಯಾ ಎಂದಿತು.

"ಇಷ್ಟು ಆಡಿಗೂ ಗೊತ್ತು," ಎಂದಳು ತುಟಿ ಕಚ್ಚಿಕೊಂಡು. "ಮುಂದಿಂದು ಹೇಳಿ."

ಅವನ ಕಿವಿ ಕೆಂಪಾದವು. "ನಿನ್ನನ್ನ ಪ್ರೀತಿಸ್ತೀನಿ. ಅವತ್ತು ಮೈಕು ಹಿಡ್ಕೊಂಡು, ಸಹಿ ಇದೆ ಅಂತ ಜೋರು ಮಾಡಿದ್ಯಲ್ಲ, ಅವತ್ತಿಂದ. ಇನ್ಮೇಲೆ ಯಾವ ಪಟ್ಟಿ ಬಂದ್ರೂ ನಿನ್ನ ಹೆಸರಿನ ಕೆಳಗಿನ ಸಾಲು ನಂಗೆ ಬಿಡ್ತೀಯಾ?"

ಅವಳ ಕಣ್ಣು ತುಂಬಿತು. ತಿಂಗಳುಗಟ್ಟಲೆ ಕಾದ ಮಾತು.

"ಒಂದು ಷರತ್ತು."

"ಏನು?"

"ನಿಮ್ಮ ಕೆಳಗಿನ ಸಾಲಿಗೆ ಗೀಟು ಹಾಕ್ಬೇಕು. ಇನ್ಯಾರೂ ಬರೋ ಹಾಗಿಲ್ಲ!"

ಅವನು ನಗುತ್ತಾ ಸಹಿ ಹಾಕಿ, ಕೆಳಗೆ ಉದ್ದಕ್ಕೆ ಗೀಟು ಎಳೆದ. ಮುಂದಿನ ಚಾಪೆಯಿಂದ ಅಜ್ಜಿ ತಿರುಗಿ ನೋಡಿದಳು.

"ಏನ್ರೋ ಅದು? ಅವ್ನ ಕೆಳಗಿನ ಜಾಗ ನಂದಲ್ವಾ!"

ಜಗಲಿಯೆಲ್ಲ ನಕ್ಕಿತು. ವೆನಿಂಗ್ ಚಾಪೆಯ ಮೇಲೆ ಕೈ ಸರಿಸಿ ಅವನ ಬೆರಳು ಹಿಡಿದುಕೊಂಡಳು.

"ಕೊಡಲ್ಲ ಅಂತ ಹೇಳಿ ಆ ಕಿನಾಸಿಗೆ... ಮಾಸ್."

"ಇನ್ನೊಂದ್ಸಲ ಹೇಳು."

"ಏನನ್ನ? ಕೊಡಲ್ಲ ಅನ್ನೋದನ್ನಾ?"

"ಅಲ್ಲ. ಕೊನೇದು."

ಅವಳು ಹೇಳಿದಳು.